ಮರಿಗೌಡ ಮೇಷ್ಟ್ರ ಹೊಗೆಯ ಚೀಟಿಗಳು

ಮರಿಗೌಡ ಮೇಷ್ಟ್ರ ನಡುಮನೆಯಲ್ಲಿ ಗೋಡೆಗೆ ಒರಗಿಸಿದ ಆರು ಚಂದ್ರಿಕೆಗಳಿದ್ದವು. ಚಂದ್ರಿಕೆ ಅಂದರೆ ರೇಷ್ಮೆ ಹುಳ ಗೂಡು ಕಟ್ಟಲಿ ಅಂತ ಬಿದಿರಿನಲ್ಲಿ ಹೆಣೆದ ದೊಡ್ಡ ತಟ್ಟಿ. ಅದರ ಮೇಲೆ ಬಿದಿರಿನ ತೆಳ್ಳನೆ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುರುಳಿ ಸುತ್ತಿ ನಿಲ್ಲಿಸಿರುತ್ತಾರೆ. ನಮ್ಮ ಕಡೆ ರೇಷ್ಮೆ ಮಾಡುವವರ ಮನೆಗೆ ಹೋದರೆ ಅದರಲ್ಲಿ ಹುಳ ಇರುತ್ತವೆ, ಇಲ್ಲವೇ ಗೂಡು ಇರುತ್ತವೆ. ಮೇಷ್ಟ್ರ ಚಂದ್ರಿಕೆಗಳ ತುಂಬ ಕಾಗದದ ಚೀಟಿಗಳಿದ್ದವು. ಸುರುಳಿಯ ಸಂದಿಯಲ್ಲಿ ಒಂದರ ಪಕ್ಕ ಒಂದು ಸಿಕ್ಕಿಸಿದ, ಗುಲಾಬಿ, ಹಳದಿ, ಬಿಳಿ ಬಣ್ಣದ ನೂರಾರು ಚೀಟಿಗಳು. ಮೊದಲ ಸಲ ನೋಡಿದಾಗ ಈಯಪ್ಪನಿಗೆ ಎಲ್ಲೋ ಒಂದು ಸುತ್ತು ಕಡಿಮೆ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ.

ಒಂದೊಂದು ಚೀಟಿಯೂ ಒಂದು ಸಂಶೋಧನಾ ಲೇಖನ. ಯಾವುದೋ ದೇಶದಲ್ಲಿ ಕಾರ್ಖಾನೆಗಳು ಬೆಳೆದಂತೆ ಗಾಳಿಗೆ ಸೇರುವ ಇಂಗಾಲ ಎಷ್ಟು ಹೆಚ್ಚಿತು, ಹೆಚ್ಚಿತೋ ಇಲ್ಲವೋ ಅಂತ ಯಾರೋ ಲೆಕ್ಕ ಹಾಕಿ ಬರೆದದ್ದು. ಬರೆದವರ ಹೆಸರು, ಇಸವಿ, ದೇಶ, ಅವರು ಕಂಡದ್ದೇನು, ಇಷ್ಟನ್ನು ಇರುವೆಯಂಥ ಅಕ್ಷರದಲ್ಲಿ ಬರೆದು ಸಿಕ್ಕಿಸುತ್ತಿದ್ದರು. ಸುರುಳಿಯ ನಡುವೆ ಹಳೆಯವು, ಹೊರಕ್ಕೆ ಬಂದಂತೆಲ್ಲ ಹೊಸವು. ಕಾರ್ಖಾನೆ ಬಂದರೆ ಇಂಗಾಲ ಏರುತ್ತದೆ ಅನ್ನುವವರಿಗೆ ಗುಲಾಬಿ. ಮೊದಲು ಏರುತ್ತದೆ, ಜನ ಉಳ್ಳವರಾದ ಮೇಲೆ ತಾನೇ ಇಳಿಯುತ್ತದೆ ಅನ್ನುವವರಿಗೆ ಹಳದಿ. ಹೀಗೇ ಅಂತ ಹೇಳಲಾಗದು ಅನ್ನುವವರಿಗೆ ಬಿಳಿ. ಕಾಗದ ಎಲ್ಲಿಂದ ಅಂದಿರಾ? ಎಲ್ಲವೂ ಲಗ್ನಪತ್ರಿಕೆಗಳು. ಊರಿಗೊಬ್ಬರೇ ಕಾಲೇಜು ಮೇಷ್ಟ್ರು ಅಂದಮೇಲೆ ಅವರನ್ನು ಕರೆಯದೆ ಯಾರೂ ಮದುವೆ ಮಾಡುತ್ತಿರಲಿಲ್ಲ. ಹಿಂಬದಿ ಖಾಲಿ ಇರುತ್ತಿತ್ತಲ್ಲ, ಅದನ್ನೇ ಕತ್ತರಿಸಿ ಚೀಟಿ ಮಾಡುತ್ತಿದ್ದರು. ಚೀನಾದ ಕಲ್ಲಿದ್ದಲಿನ ವಿಚಾರ ಓದಿ ತಿರುಗಿಸಿದರೆ ಹಿಂದೆ ಯಾರದೋ ಮಗಳ ಹೆಸರು ಅರ್ಧಕ್ಕೆ ನಿಂತಿರುತ್ತಿತ್ತು.

ನಾನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದವಳು. ಆಗಿನ್ನೂ ರಾಮನಗರ ಜಿಲ್ಲೆಯಾಗಿರಲಿಲ್ಲ. ಬಿಡದಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದವು. ಮೇಷ್ಟ್ರು ಅರ್ಥಶಾಸ್ತ್ರ ಹೇಳುತ್ತಿದ್ದ ಚನ್ನಪಟ್ಟಣದ ಕಾಲೇಜಿನಲ್ಲೇ ನಾನು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಬೆಲ್ಲು ಹೊಡೆಯುವುದೊಂದು ಬಿಟ್ಟು ಮಿಕ್ಕ ಕೆಲಸವೆಲ್ಲ ನಮ್ಮ ತಲೆಗೇ. ಪಿಎಚ್.ಡಿ. ಇದ್ದರೆ ಕಾಯಂ ಕೆಲಸಕ್ಕೆ ದಾರಿ ಆದೀತು ಅಂತ ಬೆಂಗಳೂರಿನಲ್ಲಿ ಹೆಸರು ನೋಂದಾಯಿಸಿದ್ದೆ. ಕೈಗಾರಿಕೆಗೂ ಇಂಗಾಲಕ್ಕೂ ಇರುವ ನಂಟು ನನ್ನ ವಿಷಯ. ನನ್ನ ಗೈಡ್ ದೊಡ್ಡವರು, ವರ್ಷಕ್ಕೆರಡು ಸಲ ದರ್ಶನ ಕೊಡುತ್ತಿದ್ದರು. ಇಲ್ಲಿಯತನಕ ಯಾರು ಯಾರು ಏನೇನು ಹೇಳಿದ್ದಾರೆ, ಜನರ ಯೋಚನೆ ಯಾವ ಕಡೆ ಹರಿಯುತ್ತಿದೆ, ಅದನ್ನೆಲ್ಲ ಎರಡನೇ ಅಧ್ಯಾಯದಲ್ಲಿ ಬರೆದು ತನ್ನಿ ಅಂದುಬಿಟ್ಟರು. ಓದುವುದಕ್ಕೆ ಕೂತರೆ ಸಮುದ್ರ. ಸ್ಟಾಫ್ ರೂಮಿನಲ್ಲಿ ನಾನು ಗೊಣಗುತ್ತಿದ್ದದ್ದು ಕೇಳಿಸಿಕೊಂಡ ಮೇಷ್ಟ್ರು, ಭಾನುವಾರ ಮನೆಗೆ ಬಾ, ಒಸಿ ತೋರಿಸ್ತೀನಿ ಅಂದರು. ಹಾಗೆ ನಾನು ಅಕ್ಕೂರಿನ ಪಕ್ಕದ ಅವರ ಹಳ್ಳಿಗೆ ಹೋದದ್ದು.

ಮನುಷ್ಯ ಉದ್ದಕ್ಕೆ, ಒಣಕಲು. ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಒಂದು ಯಾವಾಗಲೂ ಸೋರುತ್ತಿದ್ದುದರಿಂದ ಎದೆಯ ಮೇಲೆ ನೀಲಿ ಕಲೆ. ಶನಿವಾರ ಮಧ್ಯಾಹ್ನ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಲೈಬ್ರರಿ ಬಾಗಿಲು ಹಾಕುವವರೆಗೂ ಕೂತು ಸಂಶೋಧನಾ ಪತ್ರಿಕೆಗಳಿಂದ ಬರೆದುಕೊಂಡು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅವರೂ ಪಿಎಚ್.ಡಿ.ಗೆ ಸೇರಿದ್ದರಂತೆ. ಬರೆಯೋ ಮುಂಚೆ ಇದೊಂದು ಓದಿಬಿಡೋಣ, ಇದೊಂದು ಓದಿಬಿಡೋಣ ಅನ್ನುತ್ತ ಅನ್ನುತ್ತ ಗಡುವು ಮುಗಿದುಹೋಯಿತಂತೆ. ಇದನ್ನು ಅವರ ಹೆಂಡತಿ ಪುಟ್ಟತಾಯಮ್ಮನವರು ನನಗೆ ಅಡುಗೆಮನೆಯಲ್ಲಿ ಹೇಳಿದ್ದು. ಮೇಷ್ಟ್ರು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಚಂದ್ರಿಕೆಯ ಮುಂದೆ ಕೂರಿಸಿಕೊಂಡು ಬೆರಳಿಟ್ಟು ತೋರಿಸುತ್ತಿದ್ದರು. ನಡುವೆ ಎಲ್ಲ ಗುಲಾಬಿ. ಆಮೇಲೆ ಇದ್ದಕ್ಕಿದ್ದಂತೆ ಹಳದಿ ಶುರು. ಹೊಗೆ ಗುಡ್ಡ ಹತ್ತಿ ಇಳಿಯುತ್ತದೆ ಅಂತ ಯಾರೋ ಒಬ್ಬರು ಗೆರೆ ಎಳೆದದ್ದೇ ತಡ, ಎಲ್ಲರೂ ಅದೇ ಗುಡ್ಡ ಹತ್ತಿಳಿದರು ಅಂತ ನಗುತ್ತಿದ್ದರು. ಹೊರಸುತ್ತಿಗೆ ಬಂದಂತೆ ಬಿಳಿ ಚೀಟಿ ಹೆಚ್ಚು. ಇಷ್ಟು ಜನ ಓದಿದವರು ಗೊತ್ತಿಲ್ಲ ಅಂತ ಬರೆದರೆ ಏನು ಉಪಯೋಗ ಸಾರ್ ಅಂತ ನಾನು ರೇಗಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಅವರಿಗೂ ಗೊತ್ತಿತ್ತು.

"ಅದು ಒಳ್ಳೇದು ಕಣವ್ವ," ಅಂದರು. "ಗೊತ್ತಿಲ್ಲ ಅನ್ನೋದ ಕಲ್ತವ್ರೆ. ಹಿಂದಿನೋರ್ಗೆ ಅಷ್ಟು ಧೈರ್ಯ ಇರ್ನಿಲ್ಲ."

ಅವರಿಗೆ ಕಾಗದದ ಮೇಲೆ ಓದಿದ್ದನ್ನು ಕಣ್ಣಾರೆ ನೋಡಬೇಕು. ಒಂದು ದಿನ ನನ್ನನ್ನು ಟಿವಿಎಸ್ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟರು. ಮೊದಲು ರಾಮನಗರದಲ್ಲಿ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದ ಮುಂದೆ ನಿಲ್ಲಿಸಿದರು. ಗೂಡು ಬೇಯಿಸುವ ಒಲೆಯ ಕೊಳವೆಯಿಂದ ಕಪ್ಪು ಹೊಗೆ ಬುಸುಬುಸು ಬರುತ್ತಿತ್ತು. ಅಲ್ಲಿಂದ ಬಿಡದಿ ಕೈಗಾರಿಕಾ ಪ್ರದೇಶ. ಅಲ್ಲಿ ಒಂದು ದೊಡ್ಡ ಕಾರ್ಖಾನೆಯ ಗೇಟಿನ ಎದುರು ಹುಲ್ಲುಹಾಸು, ಹೂವಿನ ಗಿಡ. ಆಕಾಶ ತೊಳೆದಿಟ್ಟಂತಿತ್ತು. ಎಲ್ಲಿ ಹೊಗೆ ಜಾಸ್ತಿ ಅಂತ ಕೇಳಿದರು. ರಾಮನಗರದಲ್ಲೇ ಅಂದೆ, ಕಣ್ಣಿಗೆ ಕಾಣಲ್ವಾ ಸಾರ್ ಅಂತ ಸೇರಿಸಿದೆ.

ಅಷ್ಟರಲ್ಲಿ ಸೆಕ್ಯುರಿಟಿಯವನು ಕೋಲು ಹಿಡಿದು ಬಂದ. ಬಂದವನು ನೋಡಿದರೆ ಮೇಷ್ಟ್ರ ಹಳೆಯ ಶಿಷ್ಯ, ಅರ್ಥಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಕೋಲು ಬಗಲಿಗೆ ಸೇರಿತು, ಕೈ ಎರಡೂ ಜೋಡಿಯಾದವು. ಇಲ್ಲಿ ನಿಂತ್ಕಬಾರ್ದು ಸಾರ್ ಅಂತ ಅಂಗಲಾಚಿದ. ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿ ಕೇಳುತ್ತ ಹೋದರು: ಪಾಳಿಗೆ ಎಷ್ಟು ಬಸ್ಸು, ಕಬ್ಬಿಣದ ಶೀಟು ಎಲ್ಲಿಂದ ಬರುತ್ತದೆ, ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ. ಪರೀಕ್ಷೆಯಲ್ಲಿ ಒಂದು ಸಾಲೂ ಬರೆಯದಿದ್ದವನು ಅಲ್ಲಿ ಗಡಗಡ ಒಪ್ಪಿಸಿದ. ಮೇಷ್ಟ್ರು ಬರೆದುಕೊಂಡು, ಈಗ ಪಾಸಾದೆ ಹೋಗು ಅಂದರು. ವಾಪಸು ಬರುವಾಗ ಗಾಳಿಗೆ ಕೂಗಿ ಕೂಗಿ ವಿವರಿಸಿದರು. ಇಲ್ಲಿ ಉರಿಯುವ ದೀಪಕ್ಕೆ ಎಲ್ಲೋ ದೂರದಲ್ಲಿ ಕಲ್ಲಿದ್ದಲು ಉರಿಯುತ್ತದೆ, ಇಲ್ಲಿಗೆ ಬರುವ ಕಬ್ಬಿಣಕ್ಕೆ ಇನ್ನೆಲ್ಲೋ ಕುಲುಮೆ ಉರಿಯುತ್ತದೆ. ಕಣ್ಣಿಗೆ ಕಾಣುವ ಹೊಗೆ ಬೇರೆ, ಲೆಕ್ಕಕ್ಕೆ ಬರುವ ಹೊಗೆ ಬೇರೆ. ನನ್ನ ವಿಷಯ ನನಗೆ ಅರ್ಥವಾದದ್ದು ಆವತ್ತು, ಆ ಮೊಪೆಡ್ಡಿನ ಹಿಂದೆ.

ನನ್ನ ಗಡುವು ಆಗಲೇ ಒಂದು ಸಲ ಮುಂದಕ್ಕೆ ಹೋಗಿತ್ತು. ಮೇ ಕೊನೆಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು ಅಂತ ಕಾಗದ ಬಂತು. ಮಿಕ್ಕ ಅಧ್ಯಾಯಗಳೆಲ್ಲ ಮುಗಿದಿದ್ದವು, ಎರಡನೆಯದೊಂದು ಬಾಕಿ. ಪ್ರತಿ ಭಾನುವಾರ ಹೋಗಿ, ಸುರುಳಿಯ ನಡುವಿನಿಂದ ಶುರುಮಾಡಿ, ಒಂದೊಂದೇ ಚೀಟಿ ನೋಡಿಕೊಂಡು ಬರೆಯುತ್ತಿದ್ದೆ. ಯುಗಾದಿ ಹೊತ್ತಿಗೆ ಎರಡು ಚಂದ್ರಿಕೆ ಮುಗಿಸಿದ್ದೆ.

ಹಬ್ಬ ಕಳೆದ ಮೊದಲ ಭಾನುವಾರ ಹೋದಾಗ ಗೋಡೆ ಬೋಳಾಗಿತ್ತು. ಆರಕ್ಕೆ ಆರೂ ಇಲ್ಲ. ಮೂಲೆಯಲ್ಲಿ ಎರಡು ಕುಕ್ಕೆ, ಅದರ ತುಂಬ ಚೀಟಿಗಳು, ಹಿಂದುಮುಂದಾಗಿ, ತಲೆಕೆಳಗಾಗಿ, ಮೂರು ಬಣ್ಣವೂ ಕಲಸಿಕೊಂಡು. ಬಾಗಿಲಿಗೆ ಓಡಿದೆ. ಹೊರಗೆ ನೋಡಿದರೆ ಪಕ್ಕದ ಮನೆ ಜಯಮ್ಮನ ಅಂಗಳದಲ್ಲಿ, ಚಪ್ಪರದ ನೆರಳಿಗೆ, ಮೇಷ್ಟ್ರ ಆರು ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಚೀಟಿಗಳಿದ್ದ ಸಂದಿಗಳಲ್ಲಿ ಹುಳಗಳು ತಲೆಯಾಡಿಸುತ್ತ ನೂಲು ಬಿಡುತ್ತಿದ್ದವು.

ಆದದ್ದು ಇಷ್ಟು. ಹಿಂದಿನ ದಿನ ಬಿಸಿಲಿನ ಝಳಕ್ಕೆ ಜಯಮ್ಮನ ಹುಳವೆಲ್ಲ ಒಂದೇ ಸಲಕ್ಕೆ ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದುಬಿಟ್ಟಿದ್ದವು. ಬಾಡಿಗೆ ಚಂದ್ರಿಕೆ ತರುತ್ತೇನೆ ಅಂದವನು ಬಂದಿರಲಿಲ್ಲ. ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮೇಲೆ, ತಟ್ಟೆಯ ಮೇಲೆ ಎಲ್ಲೆಂದರಲ್ಲಿ ನೂಲು ಬಿಟ್ಟು ಬೆಳೆ ಹಾಳು. ಆ ಹೊತ್ತಿನಲ್ಲಿ ಚಂದ್ರಿಕೆ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ, ಮಾತು ಬಿಟ್ಟ ದಾಯಾದಿಗಳೂ ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಊರಿನಲ್ಲೂ ಹುಳ ಸಾಕುತ್ತಾರೆ. ಆದರೆ ಆವತ್ತು ನನ್ನ ತಲೆಯಲ್ಲಿ ಮೇ ತಿಂಗಳೊಂದು ಬಿಟ್ಟು ಬೇರೇನೂ ಇರಲಿಲ್ಲ.

ಮೇಷ್ಟ್ರು ನನ್ನ ಮುಖ ನೋಡಿ ಸಮಾಧಾನ ಹೇಳಲು ಬಂದರು.

"ಹುಳ ಕಾಯಕಿಲ್ಲ ಕಣವ್ವ. ಕಾಗ್ದ ಕಾಯ್ತದೆ. ನಾನೇ ಕಿತ್ತು ಕೊಟ್ಟೆ. ಮತ್ತೆ ಜೋಡ್ಸಾನ ಬುಡು."

"ನೀವು ಓದ್ತಾನೇ ಇದ್ರಿ, ಬರೀಲೇ ಇಲ್ಲ," ಅಂದೆ. "ನಿಮ್ದು ಮುಗೀಲಿಲ್ಲ ಅಂತ ನಂದೂ ಮುಗೀಬಾರ್ದಾ ಸಾರ್?"

ಬಾಗಿಲಲ್ಲಿ ಪುಟ್ಟತಾಯಮ್ಮನವರು ಮೊರ ಹಿಡಿದು ನಿಂತಿದ್ದರು. ತಲೆ ತಗ್ಗಿಸಿ ಒಳಗೆ ಹೋದರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು. ಊಟ ಮಾಡಿಕೊಂಡು ಹೋಗು ಅಂತ ಮಾತ್ರ ಹೇಳಿದರು. ನಾನು ಮಾಡಲಿಲ್ಲ. ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ದಡದಡ ನಡೆದೆ.

ವಾರವೆಲ್ಲ ಸ್ಟಾಫ್ ರೂಮಿನಲ್ಲಿ ಅವರ ಕಡೆ ತಿರುಗಿ ನೋಡಲಿಲ್ಲ. ಸಂಜೆ ನನ್ನ ಬಾಡಿಗೆ ರೂಮಿಗೆ ಹೋಗಿ ನೆನಪಿನಿಂದ ಬರೆಯಲು ಕೂತರೆ ಒಂದು ಪುಟಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಯಾರು ಮೊದಲು ಹೇಳಿದರು, ಯಾರು ಆಮೇಲೆ, ಎಲ್ಲ ಕಲಸುಮೇಲೋಗರ. ಕೊನೆಗೆ ಮುಂದಿನ ಭಾನುವಾರ ಹೋದೆ. ತಪ್ಪಾಯಿತು ಅನ್ನಲು ಹೋದೆ ಅಂತ ಬರೆದರೆ ನನಗೇ ನಗು ಬರುತ್ತದೆ. ಚೀಟಿಗಳು ಬೇಕಾಗಿದ್ದವು, ಅದಕ್ಕೆ ಹೋದೆ.

ನಡುಮನೆಯ ನೆಲದ ಮೇಲೆ ಈಚಲು ಚಾಪೆ ಹಾಸಿ ಮೇಷ್ಟ್ರು ಕೂತಿದ್ದರು. ಅವರ ಎದುರಿಗೆ ಜಯಮ್ಮ. ಆಕೆಗೆ ಓದು ಬರುವುದಿಲ್ಲ. ಹುಳದ ಕೆಲಸ ಮುಗಿಸಿಕೊಂಡು ದಿನವೂ ಬಂದು ಬಣ್ಣ ನೋಡಿ ಬೇರೆ ಮಾಡಿಕೊಡುತ್ತಿದ್ದಳಂತೆ. ನಿಮ್ಮ ಓದು ಕೆಡಿಸಿಬಿಟ್ಟೆ ತಾಯಿ ಅಂತ ಆಕೆ ನನಗೆ ಕೈ ಮುಗಿಯಬೇಕೆ! ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ಒಂದು ಕಟ್ಟು ಎತ್ತಿಕೊಂಡೆ.

ಇಸವಿ ಪ್ರಕಾರ ಜೋಡಿಸುತ್ತ ಹೋದರೆ ತಿಂಗಳು ಹಿಡಿಯುತ್ತಿತ್ತು. ಮೇಷ್ಟ್ರು, ಇಸವಿ ಬಿಡು, ಯಾವ ದೇಶದ್ದು ಅಂತ ನೋಡಿ ಚಾಪೆ ಮೇಲೆ ಹಾಕುತ್ತ ಹೋಗು ಅಂದರು. ಹಾಕುತ್ತ ಹೋದೆವು. ಮಧ್ಯಾಹ್ನದ ಹೊತ್ತಿಗೆ ಮೂವರೂ ಕೆಲಸ ನಿಲ್ಲಿಸಿ ಚಾಪೆಯನ್ನೇ ನೋಡುತ್ತ ಕೂತೆವು. ಹಳದಿ ಹೆಚ್ಚುಕಡಿಮೆ ಎಲ್ಲ ಒಂದೇ ಕಡೆ ಬಿದ್ದಿತ್ತು, ಮೊದಲೇ ಉಳ್ಳವರಾದ ದೇಶಗಳ ಕಡೆ. ನಮ್ಮ ಕಡೆ, ಚೀನಾದ ಕಡೆ, ಹೊಸದಾಗಿ ಕಾರ್ಖಾನೆ ಕಟ್ಟುತ್ತಿದ್ದವರ ಕಡೆ ಗುಲಾಬಿಯೇ ಗುಲಾಬಿ. ಸುರುಳಿಯಲ್ಲಿದ್ದಾಗ ಇದು ನಮಗೆ ಕಂಡೇ ಇರಲಿಲ್ಲ. ಅಲ್ಲಿ ಯಾವಾಗ ಹೇಳಿದರು ಅನ್ನುವುದಷ್ಟೇ ಕಾಣುತ್ತಿತ್ತು, ಎಲ್ಲಿ ಕೂತು ಹೇಳಿದರು ಅನ್ನುವುದು ಕಾಣುತ್ತಿರಲಿಲ್ಲ. ಇನ್ನು ತೀರ ಹೊಸ ಚೀಟಿಗಳಲ್ಲಿ ಕೆಲವು ಬೇರೆಯೇ ಹಾಡು ಹಾಡುತ್ತಿದ್ದವು. ಸಾಮಾನು ಮಾಡಿದವರ ಹೊಗೆಯನ್ನು ಮಾತ್ರ ಎಣಿಸಬೇಡಿ, ಸಾಮಾನು ಕೊಂಡವರ ಲೆಕ್ಕವನ್ನೂ ಹಿಡಿಯಿರಿ ಅಂತ.

ಇಷ್ಟು ಹೊತ್ತು ಇಬ್ಬರೂ ಯಾವ ಭಾಷೆ ಮಾತಾಡುತ್ತಿದ್ದೀರಿ ಅಂತ ಜಯಮ್ಮ ಕೇಳಿದಳು. ಮೇಷ್ಟ್ರು ಆಕೆಗೆ ನಿಧಾನವಾಗಿ ಹೇಳಿದರು. ಉಳ್ಳವರ ದೇಶದಲ್ಲಿ ಹೊಗೆ ಕಡಿಮೆಯಾಯಿತು ಅನ್ನುತ್ತಾರೆ, ಆದರೆ ಹೊಗೆ ಬರುವ ಕೆಲಸ ಎಷ್ಟೋ ಪಾಲು ಬೇರೆಯವರ ದೇಶಕ್ಕೆ ಹೋಗಿದೆ, ಸಾಮಾನು ಮಾತ್ರ ಅವರಿಗೆ ಬರುತ್ತದೆ ಅಂತ. ಆಕೆ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು.

"ಹಂಗಾರೆ ಒಲೆ ಆರ್ನಿಲ್ಲ ಅನ್ನಿ. ಅಡುಗೆಮನೆ ಬದ್ಲಾಯ್ತು ಅಷ್ಟೇಯ."

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ಓದಿದ್ದನ್ನು ಈಕೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳಲ್ಲ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಾಸ್ತರಿಕೆ ಬಿಡದೆ ಎಚ್ಚರಿಸಿದರು. ಇದೂ ಪೂರ್ತಿ ಸತ್ಯ ಅಂತ ಬರೆದುಬಿಡಬೇಡ, ಒಳ್ಳೆ ಯಂತ್ರ ಬಂದು ನಿಜವಾಗಿಯೂ ಕಡಿಮೆಯಾದದ್ದೂ ಉಂಟು, ಎಷ್ಟು ಪಾಲು ಇದು, ಎಷ್ಟು ಪಾಲು ಅದು ಅಂತ ಯಾರೂ ಇತ್ಯರ್ಥ ಮಾಡಿಲ್ಲ, ಬಿಳಿ ಚೀಟಿಗಳನ್ನು ಮರೆಯಬೇಡ. ನಾನು ಬರೆದುಕೊಂಡೆ.

ಮೂರು ವಾರದಲ್ಲಿ ಅಧ್ಯಾಯ ಮುಗಿಯಿತು. ಪ್ರತಿ ಪುಟವನ್ನೂ ಮೇಷ್ಟ್ರು ಓದಿ, ಸೋರುವ ಪೆನ್ನಿನಲ್ಲಿ ತಿದ್ದಿ, ಅಂಚಿನಲ್ಲಿ ಹೆಬ್ಬೆರಳಿನ ಗುರುತು ಮೂಡಿಸಿ ಕೊಟ್ಟರು. ಬರೆಯುವುದನ್ನು ನಿಲ್ಲಿಸಿ ಇನ್ನೆರಡು ಪತ್ರಿಕೆ ನೋಡಿಬಿಡಲೇ ಅಂತ ನಾನು ಕೇಳಿದಾಗ, ಬೇಡ, ಇದ್ದಷ್ಟರಲ್ಲಿ ಬರೆದು ಮುಗಿಸು ಅಂತ ಗದರಿದರು. ಅವರು ನನ್ನನ್ನು ಗದರಿದ್ದು ಅದೊಂದೇ ಸಲ. ಮೇ ಮುಗಿಯಲು ನಾಲ್ಕು ದಿನ ಇರುವಾಗ ಪ್ರಬಂಧ ಒಪ್ಪಿಸಿದೆ. ಈ ದಿನಗಳಲ್ಲಿ ಪಕ್ಕಪಕ್ಕದಲ್ಲಿ ಕೂತು ಎಷ್ಟೋ ಮಾತಾಡಿದೆವು. ಆ ಭಾನುವಾರ ನಾನು ಆಡಿದ್ದನ್ನು ಮಾತ್ರ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ದಿನ ಹೋದಂತೆ ಎತ್ತುವುದು ಇನ್ನೂ ಕಷ್ಟವಾಯಿತು. ತಪ್ಪಾಯಿತು ಅನ್ನುವ ಒಂದು ಮಾತು ಆಡಲು ನಾನು ಅಷ್ಟು ದಿನ ತೆಗೆದುಕೊಂಡದ್ದು ಯಾಕೆ ಅಂತ ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಮೌಖಿಕ ಪರೀಕ್ಷೆ ಆಗುವಷ್ಟರಲ್ಲಿ ವರ್ಷ ಕಳೆಯಿತು. ಎಲ್ಲರಂತೆ ಇಸವಿ ಪ್ರಕಾರ ಬರೆಯದೆ ದೇಶದ ಪ್ರಕಾರ ಯಾಕೆ ಜೋಡಿಸಿದ್ದೀರಿ ಅಂತ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ನಾನು ಉತ್ತರ ಹೇಳಿದೆ. ಹೊಸ ದಾರಿ, ಚೆನ್ನಾಗಿದೆ ಅಂದರು. ನನ್ನ ಗೈಡು ಬೀಗಿದರು. ಈ ದಾರಿ ಹಿಡಿದದ್ದು ಒಂದು ಹಳ್ಳಿಯ ಈಚಲು ಚಾಪೆಯ ಮೇಲೆ ಅಂತ ನಾನು ಅಲ್ಲಿ ಹೇಳಬೇಕಾಗಿತ್ತು, ಹೇಳಲಿಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆದಿದ್ದೆ, ಅಷ್ಟರಿಂದ ನನ್ನ ಪಾಲು ತೀರಿತು ಅಂದುಕೊಂಡೆ.

ಅಷ್ಟರಲ್ಲಿ ಕನಕಪುರದಲ್ಲಿ ನನಗೆ ಕೆಲಸ ಕಾಯಂ ಆಗಿತ್ತು. ಮೇಷ್ಟ್ರು ನಿವೃತ್ತರಾಗಿದ್ದರು. ಸಕ್ಕರೆ ಕಾಯಿಲೆ ಹೆಚ್ಚಿ ಕಾಲಿನ ಹುಣ್ಣು ವಾಸಿಯಾಗದೆ ಮಲಗಿದ್ದಾರೆ ಅಂತ ತಿಳಿಯಿತು. ಅವರು ತೀರಿಕೊಳ್ಳುವುದಕ್ಕೆ ಮೂರು ತಿಂಗಳು ಮುಂಚೆ, ಬೈಂಡ್ ಆಗಿ ಬಂದ ಪ್ರತಿಯೊಂದನ್ನು ಹಿಡಿದು ಹೋದೆ. ಅದೇ ನಾನು ಅವರನ್ನು ನೋಡಿದ ಕೊನೆಯ ಸಲ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಾಲಿಗೆ ದಪ್ಪನೆ ಬ್ಯಾಂಡೇಜು. ಪುಸ್ತಕ ಕೊಟ್ಟೆ. ಕೃತಜ್ಞತೆಯ ಪುಟವನ್ನು ನೋಡದೆ ಹಾರಿಸಿ ನೇರ ಎರಡನೇ ಅಧ್ಯಾಯಕ್ಕೆ ಹೋದರು. ಪುಟದ ಮೇಲೆ ಬೆರಳು ಓಡಿಸುತ್ತ ಓದಿದರು, ಒಂದು ಕಡೆ ಸಾಲದು ಅನ್ನುವಂತೆ ತಲೆಯಾಡಿಸಿದರು. ನಾನು ಅವರ ಕುತ್ತಿಗೆಯ ಮೂಳೆಗಳನ್ನು ನೋಡುತ್ತ ನಿಂತಿದ್ದೆ. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು.

"ಸಾರ್, ಆವತ್ತು ನಾನು ಹಂಗನ್ನಬಾರ್ದಿತ್ತು. ತಪ್ಪಾಯ್ತು."

ಯಾವತ್ತು ಅಂತ ಕೇಳಿಯಾರು, ಮರೆತುಹೋಗಿದೆ ಅಂದಾರು ಅಂತ ಎಣಿಸಿದ್ದೆ. ದೊಡ್ಡವರು ಹಾಗೇ ಅಲ್ಲವೇ ಮಾಡುವುದು. ಮೇಷ್ಟ್ರು ಹಾಗೆ ಮಾಡಲಿಲ್ಲ. ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ನೀನಂದಿದ್ದು ದಿಟವೇ ಕಣವ್ವ. ಅದ್ಕೇ ಅಷ್ಟು ನೋವಾಯ್ತು."

ನನಗೆ ಅಳು ತಡೆಯಲಾಗಲಿಲ್ಲ. ಕಾಲೇಜು ಮೇಡಮ್ಮು, ಡಾಕ್ಟರೇಟು ಪಡೆದವಳು, ಮಂಚದ ಕಾಲು ಹಿಡಿದುಕೊಂಡು ಮಕ್ಕಳ ಹಾಗೆ ಅತ್ತುಬಿಟ್ಟೆ. ಪುಟ್ಟತಾಯಮ್ಮನವರು ಅಡುಗೆಮನೆಯಿಂದ ಓಡಿಬಂದು ಏನಾಯಿತು ಅಂತ ಗಾಬರಿಯಾದರು. ಮೇಷ್ಟ್ರು ಅವರನ್ನು ಕೈಸನ್ನೆ ಮಾಡಿ ಒಳಗೆ ಕಳಿಸಿದರು. ನಾನು ಸುಧಾರಿಸಿಕೊಳ್ಳುವವರೆಗೂ ಪುಸ್ತಕ ಮುಚ್ಚದೆ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದರು. ಆಮೇಲೆ ಕೊನೆಯ ಪುಟದವರೆಗೂ ತಿರುವಿದರು, ಅಲ್ಲಿ ಅಂಗೈ ಊರಿದರು.

"ಅಳ್ಬೇಡ ಬುಡು. ನಿಂದು ಮುಗೀತಲ್ಲ," ಅಂದರು. "ನಂದೂ ಒಸಿ ಮುಗ್ದಂಗೇ ಆಯ್ತು."